ಊರು ಬೆಳೆಯಿತೋ, ಗಡಿ ಬೆಳೆಯಿತೋ?

ಮಾನ್ಯ ಸಂಪಾದಕರೇ,

2027ರ ಜನಗಣತಿಯ ಅಂಕಿಗಳು ಹೊರಬಿದ್ದ ಕೂಡಲೇ ಯಾವ ಊರು ಎಷ್ಟು ಬೆಳೆಯಿತು, ಯಾವುದು ಸೊರಗಿತು ಎಂಬ ಪಟ್ಟಿಗಳು ಪತ್ರಿಕೆಗಳಲ್ಲಿ ಬರಲಿವೆ. ಊರಿನ ಹೆಸರು, 2011ರ ಸಂಖ್ಯೆ, 2027ರ ಸಂಖ್ಯೆ, ಪಕ್ಕದಲ್ಲಿ ಶೇಕಡಾವಾರು. ದಯವಿಟ್ಟು ಆ ಪಟ್ಟಿಗೆ ಇನ್ನೊಂದು ಕಾಲಂ ಸೇರಿಸಿ: ಎರಡೂ ವರ್ಷಗಳಲ್ಲಿ ಊರಿನ ವಿಸ್ತೀರ್ಣ ಎಷ್ಟು ಚದರ ಕಿ.ಮೀ. ಇತ್ತು ಎಂಬುದು.

ಬೆಂಗಳೂರನ್ನೇ ನೋಡಿ. 2001ರಲ್ಲಿ ಮಹಾನಗರ ಪಾಲಿಕೆಯ ಜನಸಂಖ್ಯೆ 43,01,326. 2011ರಲ್ಲಿ ಬಿಬಿಎಂಪಿಯದು 84,43,675. ಹತ್ತು ವರ್ಷಕ್ಕೆ ಶೇ 96 ಬೆಳವಣಿಗೆ ಎಂದು ಬರೆದುಬಿಡಬಹುದು. ಆದರೆ 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳು ಪಾಲಿಕೆಗೆ ಸೇರಿದ್ದವು. ಸುತ್ತಲಿನ ಊರುಗಳನ್ನು 2001ರಲ್ಲೇ ಒಳಗೊಂಡಿದ್ದ ನಗರ ಸಮುಚ್ಚಯದ ಲೆಕ್ಕ ಹಿಡಿದರೆ 57,01,446 ಇದ್ದದ್ದು 85,20,435 ಆಗಿದೆ, ಅಂದರೆ ಶೇ 49. ಬೆಂಗಳೂರು ನಗರ ಜಿಲ್ಲೆಯ ಬೆಳವಣಿಗೆ ಶೇ 47. ಉಳಿದದ್ದು ಗಡಿಯ ಕೆಲಸ. ಈಗ ಬಿಬಿಎಂಪಿಯ ಜಾಗಕ್ಕೆ ಐದು ಪಾಲಿಕೆಗಳು ಬಂದಿರುವುದರಿಂದ ಈ ಸಲ ಗೊಂದಲ ಇನ್ನೂ ಹೆಚ್ಚಬಹುದು.

ಸರಿಪಡಿಸುವ ದಾರಿ ಕಷ್ಟದ್ದಲ್ಲ, ತಾಳ್ಮೆ ಬೇಕು ಅಷ್ಟೆ. ಪಟ್ಟಣಕ್ಕೆ ಸೇರಿದ ಹಳ್ಳಿಗಳ ಪಟ್ಟಿಯನ್ನು ರಾಜ್ಯಪತ್ರದ ಅಧಿಸೂಚನೆಯಿಂದ ತೆಗೆಯಿರಿ. 2011ರ ಗಣತಿಯಲ್ಲಿ ಪ್ರತಿ ಹಳ್ಳಿಗೂ ಆರು ಅಂಕಿಯ ಸಂಕೇತವಿದೆ. ಹೆಸರು ನೋಡಿ ಹುಡುಕಬೇಡಿ, ಸಂಕೇತ ನೋಡಿ ಹುಡುಕಿ. ಒಂದೇ ತಾಲ್ಲೂಕಿನಲ್ಲಿ ಎರಡು ಹೊಸಹಳ್ಳಿ ಇದ್ದರೆ ಅಲ್ಲೇ ಎಡವುತ್ತೀರಿ. ಆ ಹಳ್ಳಿಗಳ 2011ರ ಸಂಖ್ಯೆಯನ್ನು ಪಟ್ಟಣದ 2011ರ ಸಂಖ್ಯೆಗೆ ಕೂಡಿಸಿ, ಆಮೇಲೆ 2027ರ ಜೊತೆ ಹೋಲಿಸಿ. ಕೆಲವು ಸರ್ವೆ ನಂಬರುಗಳು ಮಾತ್ರ ಸೇರಿದ್ದರೆ ಎರಡೂ ವರ್ಷಗಳಲ್ಲಿ ಇಡೀ ಹಳ್ಳಿಯನ್ನು ಸೇರಿಸಿಕೊಳ್ಳುವುದೇ ವಾಸಿ.

ಈ ಬಾರಿಯ ಅಂತರ ಹತ್ತು ವರ್ಷವಲ್ಲ, ಹದಿನಾರು ಎಂಬುದೂ ನೆನಪಿರಲಿ. ಹದಿನಾರು ವರ್ಷಕ್ಕೆ ಶೇ 20 ಬೆಳೆದ ಊರನ್ನು ಹಿಂದಿನ ದಶಕದ ಶೇ 20ರ ಪಕ್ಕ ಇಟ್ಟರೆ ತಪ್ಪು. ಹೊಸ ಸಂಖ್ಯೆಯನ್ನು ಹಳೆಯದರಿಂದ ಭಾಗಿಸಿ, ಕ್ಯಾಲ್ಕ್ಯುಲೇಟರಿನಲ್ಲಿ ‘ಎಲ್‌ಎನ್’ ಗುಂಡಿ ಒತ್ತಿ, ಬಂದದ್ದನ್ನು ವರ್ಷಗಳಿಂದ ಭಾಗಿಸಿ ನೂರರಿಂದ ಗುಣಿಸಿ. ಹದಿನಾರು ವರ್ಷದ ಶೇ 20 ಎಂದರೆ ವರ್ಷಕ್ಕೆ ಶೇ 1.14, ಹತ್ತು ವರ್ಷದ ಶೇ 20 ಎಂದರೆ ಶೇ 1.82.

ಪಟ್ಟಣಗಳನ್ನು ಗಾತ್ರದ ಮೇಲೆ ವರ್ಗ ಮಾಡುವಾಗ ಇನ್ನೊಂದು ಮೋಸ ಆಗುತ್ತದೆ. ಗಣತಿಯ ಪ್ರಕಾರ ಲಕ್ಷ ಮತ್ತು ಅದಕ್ಕೂ ಮೇಲಿನದು ಮೊದಲ ವರ್ಗ, 50 ಸಾವಿರದಿಂದ ಲಕ್ಷದೊಳಗೆ ಎರಡನೆಯದು, 20ರಿಂದ 50 ಸಾವಿರದೊಳಗೆ ಮೂರನೆಯದು, ಹೀಗೆ ಆರು. 48 ಸಾವಿರದ ಪಟ್ಟಣವೊಂದು 53 ಸಾವಿರಕ್ಕೆ ಏರಿತು ಎನ್ನಿ. ಮೂರನೇ ವರ್ಗದಿಂದ 48 ಸಾವಿರ ಜನ ಮಾಯ, ಎರಡನೇ ವರ್ಗಕ್ಕೆ 53 ಸಾವಿರ ಲಾಭ. ಯಾರೂ ಮನೆ ಬಿಟ್ಟು ಕದಲಿಲ್ಲ, ಆದರೂ ‘ಸಣ್ಣ ಪಟ್ಟಣಗಳು ಬರಿದಾಗುತ್ತಿವೆ’ ಎಂದು ತಲೆಬರಹ ಬರುತ್ತದೆ. 2011ರಲ್ಲಿ ಯಾವ ವರ್ಗದಲ್ಲಿತ್ತೋ ಕೊನೆವರೆಗೂ ಅದೇ ವರ್ಗದಲ್ಲಿಟ್ಟು ಅಳೆಯಬೇಕು.

ಊರು ಸಣ್ಣದಾದಷ್ಟೂ ಶೇಕಡಾವಾರು ಕುಣಿಯುತ್ತದೆ. ಆರು ಸಾವಿರದ ಊರಿನಲ್ಲಿ ಮುನ್ನೂರು ಮಕ್ಕಳ ಹಾಸ್ಟೆಲ್ ಒಂದು ತೆರೆದರೆ ಶೇ 5 ಏರಿಕೆ. ಅಲ್ಲಿ ತಲೆಎಣಿಕೆಯನ್ನೇ ಬರೆಯಿರಿ, ಶೇಕಡಾ ಬೇಡ. ಜನನ ನೋಂದಣಿಯನ್ನು ನಂಬಿಯೂ ಕೆಡಬೇಡಿ: ಹೆರಿಗೆ ಆದ ಊರಿನಲ್ಲೇ ನೋಂದಣಿ ಆಗುವುದರಿಂದ ತಾಲ್ಲೂಕು ಆಸ್ಪತ್ರೆ ಇರುವ ಪಟ್ಟಣಕ್ಕೆ ಸುತ್ತಲಿನ ಹಳ್ಳಿಗಳ ಕೂಸುಗಳೆಲ್ಲ ಸೇರುತ್ತವೆ. 2011ರ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ಆ ಅವಧಿ ಪೂರ್ತಿ ಗುಳೆ ಹೋಗಿದ್ದವರನ್ನು ಎಣಿಸುವುದು ಇದ್ದ ಕಡೆಯೇ, ಊರಿನಲ್ಲಲ್ಲ. ಬೀಗ ಬಿದ್ದ ಮನೆಗಳ ಅಂದಾಜು ಬೇಕಿದ್ದರೆ ತಿಂಗಳುಗಟ್ಟಲೆ ಕನಿಷ್ಠ ಶುಲ್ಕವಷ್ಟೇ ಬರುವ ವಿದ್ಯುತ್ ಆರ್‌ಆರ್ ನಂಬರುಗಳನ್ನು (ಸಂಪರ್ಕದ ಸಂಖ್ಯೆಗಳನ್ನು) ಎಣಿಸಿ. ಗಣತಿ ಇಲ್ಲದ ವರ್ಷಗಳಲ್ಲಿ ಇದಕ್ಕಿಂತ ಒಳ್ಳೆಯ ಸುಳಿವು ಕಡಿಮೆ.

ಇಳಿಕೆಯನ್ನು ಓದುವುದು ಇನ್ನೂ ಸೂಕ್ಷ್ಮ. 2001–2011ರಲ್ಲಿ ಚಿಕ್ಕಮಗಳೂರು ಜಿಲ್ಲೆ 2,944 ಜನರನ್ನು ಕಳೆದುಕೊಂಡಿತು, ಆದರೆ ಚಿಕ್ಕಮಗಳೂರು ಪಟ್ಟಣ ಬೆಳೆಯಿತು. ಕೆಜಿಎಫ್ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಆ ವರ್ಷದ ಗಣತಿಯ ಆಧಾರ ಕ್ಷಣವೂ, ಅಂದರೆ ಯಾವ ಹೊತ್ತಿನ ಜನಸಂಖ್ಯೆ ಎಂದು ಲೆಕ್ಕ ಹಿಡಿಯುತ್ತಾರೋ ಆ ಹೊತ್ತೂ, ಅದೇ ನಡುರಾತ್ರಿ. ಆಮೇಲೆ ಊರು ಬಿಟ್ಟವರೆಲ್ಲ 2001ರ ಅಂಕಿಯಲ್ಲಿ ಇನ್ನೂ ಕೆಜಿಎಫ್‌ನವರೇ. ಉಳಿದವರಲ್ಲಿ ಸಾವಿರಾರು ಮಂದಿ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮನೆಗೆ ಮರಳುತ್ತಾರೆ. ಗಣತಿಯಲ್ಲಿ ಅವರೂ ಕೆಜಿಎಫ್‌ನವರೇ. ಹೀಗಾಗಿ ಅಲ್ಲಿ ಕೆಲಸ ಹೋದಷ್ಟು ಜನ ಹೋಗಲಿಲ್ಲ. ಅಂಥ ಊರಿನ ಬಗ್ಗೆ ಬರೆಯುವಾಗ ಜನಸಂಖ್ಯೆಯ ಪಕ್ಕದಲ್ಲಿ ದುಡಿಯುವವರ ಸಂಖ್ಯೆಯನ್ನೂ ಕೊಡಿ.

– ಓದುಗ, ಧಾರವಾಡ