ಐದನೇ ಕೊಡ

ಅವ್ವಾ,

ವಿಮಾನ ರೇಸಿಗೆ ಅಂತ ಹೋದ ನೀನು ಅಮೆರಿಕದ ರೋಸ್‌ವೆಲ್ ಮುಟ್ಟಿದೆ ಅಂತ ನಿಮ್ಮಮ್ಮ ಹೇಳಿದಳು. ನನಗೆ ಫೋನ್ ಮಾಡಲಿಲ್ಲ. ಮಾಡು ಅನ್ನುವ ಮುಖ ನನಗೂ ಇಲ್ಲ.

ಆ ಸಂಜೆ ನೀನು ಮಾಳಿಗೆ ಮೇಲೆ ನಾಲ್ಕು ಕೊಡ ಬೋರಲು ಹಾಕಿ ಸುತ್ತುತ್ತಿದ್ದೆ. ಕಣ್ಣು ಅರೆ ಮುಚ್ಚಿತ್ತು. ಒಂದು ಅಂಗೈ ವಿಮಾನ, ಇನ್ನೊಂದರಲ್ಲಿ ಸ್ಟಾಪ್‌ವಾಚ್. ಪ್ರತಿ ಕೊಡದ ಹತ್ತಿರ ಕೈ ಎಡಕ್ಕೆ ವಾಲುತ್ತಿತ್ತು. ಪಕ್ಕದ ಮನೆಯವರು ನೋಡುತ್ತಿದ್ದರು. ‘ಹುಚ್ಚು ಹಿಡಿದಿದೆಯಾ’ ಅಂತ ನಾನು ಒಂದು ಕೊಡ ಒದ್ದೆ. ಅದು ಮೆಟ್ಟಿಲ ಮೇಲೆ ಉರುಳಿ ಅಂಗಳಕ್ಕೆ ಬಿದ್ದ ಸದ್ದು ಇನ್ನೂ ಕಿವಿಯಲ್ಲಿದೆ. ನೀನು ಏನೂ ಅನ್ನಲಿಲ್ಲ. ಇಳಿದು ಹೋಗಿ ಎತ್ತಿ ತಂದು, ಅದೇ ಜಾಗದಲ್ಲಿ ಇಟ್ಟೆ. ತಪ್ಪು ನನ್ನದು, ಅವ್ವಾ.

ನಿನ್ನ ತಮ್ಮ ಆಮೇಲೆ ಮೊಬೈಲಿನಲ್ಲಿ ತೋರಿಸಿದ. ಕಂಬಗಳನ್ನು ಸುತ್ತಿ ಹಾರುವ ರೇಸ್ ಪೈಲಟ್‌ಗಳು, ಹಾರುವ ಮುಂಚೆ ಹೀಗೇ ಕೈ ಆಡಿಸುತ್ತಾ ನಡೆಯುತ್ತಾರೆ. ತಿರುವಿನಲ್ಲಿ ಮೈ ಭಾರ ಹಲವು ಪಟ್ಟಾಗಿ, ರಕ್ತ ತಲೆಯಿಂದ ಕೆಳಗಿಳಿಯುವ ಹೊತ್ತಿಗೆ ಯೋಚನೆ ಮಾಡುತ್ತಾ ಕೂರಲು ಆಗಲ್ಲ. ಮೊದಲೇ ಮನಸ್ಸಿನಲ್ಲಿ ಹಾರಿ ಮುಗಿಸಿರಬೇಕು. ಸಂಡೂರಿನ ಘಾಟಿನಲ್ಲಿ ಅದಿರು ಲಾರಿ ಇಳಿಸುವ ಮುಂಚೆ ನಾನು ಮಾಡುತ್ತಿದ್ದದ್ದೂ ಅದೇ ಅಲ್ವಾ? ಯಾವ ತಿರುವಿಗೆ ಯಾವ ಗೇರು ಅಂತ.

ಆದರೆ ಒಂದು ಮಾತು. ಕೊನೆಯ ಕೊಡ ದಾಟಿದ ಕೂಡಲೇ ನೀನು ವಾಚ್ ಒತ್ತಿ ನಿಂತುಬಿಡುತ್ತಿದ್ದೆ. 2023ರ ಸೆಪ್ಟೆಂಬರ್ 17, ಅಮೆರಿಕದ್ದೇ ರೀನೋ ಊರು. ರೇಸ್ ಮುಗಿದಿತ್ತು. ಇಳಿಯುವಾಗ ಎರಡು ವಿಮಾನ ಡಿಕ್ಕಿಯಾಗಿ ಇಬ್ಬರು ಪೈಲಟ್‌ಗಳೂ ಹೋದರು. ನನ್ನ ಲಾರಿ ಮಗುಚಿದ್ದೂ ಘಾಟಿನಲ್ಲಲ್ಲ. ಅದಿರು ಸುರಿದು ಖಾಲಿ ಗಾಡಿಯಲ್ಲಿ ಬರುವಾಗ. ಮನೆ ಇನ್ನು ನಾಲ್ಕೇ ಕಿಲೋಮೀಟರ್ ಇತ್ತು. ಮನಸ್ಸು ಆಗಲೇ ಊಟಕ್ಕೆ ಕೂತಿತ್ತು.

ಅದಕ್ಕೇ ಹೇಳುತ್ತೇನೆ, ಗೆರೆ ದಾಟಿದ ಮೇಲೂ ಮನಸ್ಸಿನಲ್ಲಿ ಹಾರುತ್ತಲೇ ಇರು. ಮೇಲೇರು, ವೇಗ ಇಳಿಸು. ಮುಂದೆ ಯಾರು, ಹಿಂದೆ ಯಾರು, ಕಣ್ಣಿಗೆ ಬೀಳದೆ ಇರುವವರು ಯಾರು, ನೋಡು. ಎಂಜಿನ್ ನಿಂತ ಹಾಗೂ ನೆನೆ. ಮೂತಿ ಎತ್ತಿ, ಇದ್ದ ವೇಗವನ್ನು ಎತ್ತರ ಮಾಡಿಕೊ, ಆಮೇಲೆ ರನ್‌ವೇ ಕಡೆ ತಿರುಗು. ಬರೀ ಗೆದ್ದದ್ದನ್ನೇ ನೆನೆಯಬೇಡ. ಹೊಟ್ಟೆ ತುಂಬ ತಿನ್ನು. ಜಾಸ್ತಿ ಹೊತ್ತು ಎದ್ದಿರಬೇಡ. ಇದೆಲ್ಲ ಕಲಿಸುವವರು ಅಲ್ಲಿದ್ದಾರೆ, ಗೊತ್ತು. ಆದರೂ ಬರೆಯದೆ ಇರಲು ಆಗಲಿಲ್ಲ.

ಕೌಲ್ ಬಜಾರಿನಲ್ಲಿ ಸಿಕ್ಕವರಿಗೆಲ್ಲ ನನ್ನ ಮಗಳು ರೇಸಿಗೆ ಹೋಗಿದ್ದಾಳೆ ಅಂತ ಹೇಳಿದ್ದೇನೆ. ನಿನಗೆ ಮಾತ್ರ ಹೇಳಿರಲಿಲ್ಲ.

ನಿನ್ನೆ ನಲ್ಲಿಯಲ್ಲಿ ನೀರು ಬಂತು. ನಿಮ್ಮಮ್ಮ ಕೊಡ ಕೇಳಿದಳು, ನಾನು ಕೊಡಲಿಲ್ಲ. ನಾಲ್ಕೂ ನೀನಿಟ್ಟಲ್ಲೇ ಇವೆ. ಮೆಟ್ಟಿಲ ಹತ್ತಿರ ಐದನೆಯದೊಂದು ನಾನು ಇಟ್ಟಿದ್ದೇನೆ. ಅದು ವಿಮಾನ ನಿಲ್ಲಿಸುವ ಜಾಗ. ಅಲ್ಲಿವರೆಗೂ ಬಾ.

ನಿನ್ನ ಅಪ್ಪ