ಸಹಿ ಹಾಕುವವರು ಸಿಗುತ್ತಾರೆ, ಸಹಿಯ ತಾರೀಖು ನೋಡುವವರು ಯಾರು?

ಮಾನ್ಯ ಸಂಪಾದಕರೇ,

ನಕಲಿ ಬ್ಯಾಂಕ್ ವೆಬ್‌ಸೈಟ್‌ಗಳ ಬಗ್ಗೆ ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಒಂದು ಲೇಖನ ಬಂದಿತ್ತು. ವಿಳಾಸವನ್ನು ಒಂದಕ್ಷರ ಬಿಡದೆ ಓದಿ, ಬೀಗದ ಗುರುತು ಇದೆಯಾ ನೋಡಿ, ಆಮೇಲೆ ಪಾಸ್‌ವರ್ಡ್ ಹಾಕಿ ಎಂಬ ಸಲಹೆ ಅದರಲ್ಲಿತ್ತು. ಸಲಹೆ ಸರಿಯೇ. ಆದರೆ ಪೂರ್ತಿ ಹೊಣೆ ಗ್ರಾಹಕರ ತಲೆಗೆ ಬಿತ್ತು. ವೆಬ್‌ಸೈಟ್ ಇಟ್ಟುಕೊಂಡವರು ತಮ್ಮ ಹೆಸರಿನ ದಾಖಲೆಗಳಿಗೆ ಡಿಜಿಟಲ್ ಸಹಿ ಹಾಕಿ, ಆ ಸಹಿಯ ವಾಯಿದೆ ಕಾಯಬೇಕು ಎಂಬುದರ ಬಗ್ಗೆ ಲೇಖನದಲ್ಲಿ ಒಂದು ಮಾತೂ ಇರಲಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ. ಜಾಗ ಸಾಲದಿದ್ದರೆ ನಡುವಿನ ಕಥೆಗಳನ್ನು ಕತ್ತರಿಸಿ, ಎಎಂಸಿ (ವಾರ್ಷಿಕ ನಿರ್ವಹಣೆ ಗುತ್ತಿಗೆ) ಬಗ್ಗೆ ಬರೆದದ್ದನ್ನು ಮಾತ್ರ ಉಳಿಸಿ.

ನಾನು ಶಿರಸಿಯವಳು. ಸುತ್ತಮುತ್ತಲಿನ ಕೆಲವು ಸಹಕಾರಿ ಸೊಸೈಟಿಗಳ, ಒಂದೆರಡು ಶಾಲೆಗಳ ಸರ್ವರ್ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ನಮ್ಮ ಕಡೆ ಸೊಸೈಟಿ ವೆಬ್‌ಸೈಟಿನಲ್ಲಿ ಜನ ಮೊದಲು ನೋಡುವುದು ಅಡಿಕೆ ಧಾರಣೆ. ರಾಶಿ ಎಷ್ಟು, ಚಾಲಿ ಎಷ್ಟು, ಬೆಟ್ಟೆ ಎಷ್ಟು. ಅದನ್ನು ನೋಡಿಯೇ ಮೂಟೆ ಹೊರಗೆ ತೆಗೆಯಬೇಕೋ ಇನ್ನೊಂದು ವಾರ ಕಾಯಬೇಕೋ ಅಂತ ತೀರ್ಮಾನವಾಗುತ್ತದೆ. ಆ ಪುಟದಲ್ಲಿ ಯಾರಾದರೂ ಸುಳ್ಳು ಅಂಕಿ ತೋರಿಸಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಸುಳ್ಳು ತೋರಿಸಲು ಸೊಸೈಟಿಯ ಸರ್ವರ್‌ಗೇ ನುಗ್ಗಬೇಕು ಅಂತೇನೂ ಇಲ್ಲ. ನೀವು ಹೆಸರು ಒತ್ತಿದಾಗ ಮೊಬೈಲು ಮೊದಲು ಡಿಎನ್‌ಎಸ್ ಅನ್ನು ಕೇಳುತ್ತದೆ: ಈ ಹೆಸರಿನ ಸರ್ವರ್ ಯಾವ ಅಂಕಿಯ ವಿಳಾಸದಲ್ಲಿದೆ? 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಈ ವ್ಯವಸ್ಥೆಯನ್ನು ರೂಪಿಸಿದಾಗ ಉತ್ತರದ ಮೇಲೆ ಸಹಿ ಇರಲಿಲ್ಲ. ಮೊದಲು ಬಂದ ಉತ್ತರವನ್ನು ನಂಬುವುದು, ಅಷ್ಟೇ. 2008ರಲ್ಲಿ ಭದ್ರತಾ ತಜ್ಞ ಡ್ಯಾನ್ ಕಾಮಿನ್ಸ್ಕಿ ಇದರ ಅಪಾಯವನ್ನು ಎಲ್ಲರಿಗೂ ಕಾಣಿಸಿದರು. ಪ್ರತಿ ಪ್ರಶ್ನೆಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅದು ಬರೀ 65,536ರಲ್ಲಿ ಒಂದು. ಪ್ರಶ್ನೆ ಮೇಲೆ ಪ್ರಶ್ನೆ ಹುಟ್ಟಿಸುತ್ತಾ, ಸುಳ್ಳು ಉತ್ತರಗಳನ್ನು ಬೇಗ ಬೇಗ ತೂರುತ್ತಾ ಹೋದರೆ ಯಾವುದೋ ಒಂದು ತಾಳೆಯಾಗಿಬಿಡುತ್ತದೆ. ಆಮೇಲೆ ಆ ಸುಳ್ಳು ರಿಸಾಲ್ವರ್‌ನ, ಅಂದರೆ ನಮ್ಮ ಪರವಾಗಿ ವಿಳಾಸ ಹುಡುಕಿಕೊಡುವ ಸರ್ವರ್‌ನ, ನೆನಪಿನಲ್ಲಿ ಕೂರುತ್ತದೆ. ಆ ರಿಸಾಲ್ವರ್ ಬಳಸುವ ಎಲ್ಲರಿಗೂ ಅದೇ ಸುಳ್ಳು ಸಿಗುತ್ತದೆ. ಆ ವರ್ಷ ಜುಲೈನಲ್ಲಿ ದೊಡ್ಡ ಕಂಪನಿಗಳೆಲ್ಲ ಒಟ್ಟಿಗೆ ತೇಪೆ ಹಾಕಿದವು. ಊಹಿಸುವುದು ಕಷ್ಟವಾಯಿತು. ಅಸಾಧ್ಯವೇನೂ ಆಗಲಿಲ್ಲ.

ಇಂಥ ಹೊತ್ತಿನಲ್ಲಿ ಗ್ರಾಹಕರು ವಿಳಾಸವನ್ನು ಅಕ್ಷರ ಅಕ್ಷರ ಓದಿದರೂ ಪ್ರಯೋಜನವಿಲ್ಲ. ವಿಳಾಸ ಸರಿಯಾಗಿಯೇ ಇರುತ್ತದೆ, ತಲುಪುವ ಸರ್ವರ್ ಮಾತ್ರ ಬೇರೆ. ಬೀಗದ ಗುರುತು ಸಾಕಷ್ಟು ಕಾಪಾಡುತ್ತದೆ, ನಿಜ. ಆದರೆ ಆ ಬೀಗದ ಪ್ರಮಾಣಪತ್ರ ಕೊಡುವವರೂ ಹೆಸರು ಯಾರದ್ದು ಅಂತ ತಿಳಿಯಲು ಸಾಮಾನ್ಯವಾಗಿ ಡಿಎನ್‌ಎಸ್ ಅನ್ನೇ ನಂಬಿರುತ್ತಾರೆ.

ಇದಕ್ಕೆ ಇರುವ ಉಪಾಯ ಡಿಎನ್‌ಎಸ್‌ಸೆಕ್. ಹೆಸರಿನ ಯಜಮಾನರು ತಮ್ಮ ಜೋನ್ ಫೈಲ್‌ನ (ಆ ಹೆಸರಿನ ಅಡಿಯ ವಿಳಾಸಗಳ ಪಟ್ಟಿಯ) ದಾಖಲೆಗಳಿಗೆ ಡಿಜಿಟಲ್ ಸಹಿ ಹಾಕಿಡುತ್ತಾರೆ. ರಿಸಾಲ್ವರ್ ಉತ್ತರದ ಜೊತೆ ಸಹಿಯನ್ನೂ ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಉತ್ತರವನ್ನು ಬಿಸಾಡುತ್ತದೆ. ಸಹಿ ಯಾರದ್ದು ಎಂಬುದಕ್ಕೆ ಸಾಕ್ಷಿ ಮೇಲಿನ ಹಂತದಲ್ಲಿರುತ್ತದೆ. ಸಹಿ ಹಾಕುವ ನಮ್ಮ ಕೀಯ ಗುರುತು ಡಾಟ್ ಇನ್‌ನಲ್ಲಿ, ಡಾಟ್ ಇನ್‌ನ ಗುರುತು ಎಲ್ಲಕ್ಕೂ ಮೇಲಿನ ರೂಟ್ ಜೋನ್‌ನಲ್ಲಿ. ರೂಟ್‌ಗೆ ಸಹಿ ಬಿದ್ದದ್ದು 2010ರ ಜುಲೈ 15ರಂದು. ಅಂದರೆ ದಾರಿ ಸಿದ್ಧವಾಗಿ ಬಹಳ ವರ್ಷವಾಯಿತು.

ಮಾಡುವುದು ಕಷ್ಟವಾ? ಇಲ್ಲ. ಬೈಂಡ್ ಎಂಬ ಉಚಿತ ಡಿಎನ್‌ಎಸ್ ಸರ್ವರ್ ತಂತ್ರಾಂಶದ ಜೊತೆಗೇ ಎರಡು ಕಮಾಂಡ್‌ಗಳು ಬರುತ್ತವೆ. ಡಿಎನ್‌ಎಸ್‌ಸೆಕ್-ಕೀಜೆನ್ ಎಂದು ಟೈಪ್ ಮಾಡಿ ಎರಡು ಜೊತೆ ಕೀ ಮಾಡಿಕೊಳ್ಳಬೇಕು, ಪ್ರತಿ ಜೊತೆಯಲ್ಲೂ ಒಂದು ಗುಟ್ಟಿನದು, ಒಂದು ಎಲ್ಲರಿಗೂ ಕಾಣುವಂಥದ್ದು. ಒಂದು ಜೊತೆ ದಾಖಲೆಗಳಿಗೆ ಸಹಿ ಹಾಕಲು, ಇನ್ನೊಂದು ಕೀಗಳಿಗೇ ಸಹಿ ಹಾಕಲು. ಸಹಿಯ ವಿಧಾನಗಳಲ್ಲಿ ಅಲ್ಗಾರಿದಮ್ 13 ಆರಿಸಿಕೊಂಡರೆ ಸಹಿಗಳು ಚಿಕ್ಕದಾಗಿರುತ್ತವೆ. ಆಮೇಲೆ ಡಿಎನ್‌ಎಸ್‌ಸೆಕ್-ಸೈನ್‌ಜೋನ್. ಅದಕ್ಕೆ ದೊಡ್ಡಕ್ಷರದ ಎಸ್ ಆಯ್ಕೆ ಕೊಟ್ಟರೆ ಫೋಲ್ಡರಿನಲ್ಲಿರುವ ಕೀಗಳನ್ನು ತಾನೇ ಹುಡುಕಿಕೊಳ್ಳುತ್ತದೆ. ಎಂಟರ್ ಒತ್ತಿದ ಮೇಲೆ ಚಹಾಕ್ಕೆ ಏಳುವಷ್ಟೂ ಹೊತ್ತಿಲ್ಲ, ಸಣ್ಣ ಜೋನ್ ಆದರೆ ಕಣ್ಣು ಮಿಟುಕಿಸುವುದರೊಳಗೆ ಮುಗಿದಿರುತ್ತದೆ. ಮೂಲ ಫೈಲ್ ಹಾಗೇ ಉಳಿದು, ಪಕ್ಕದಲ್ಲಿ ಡಾಟ್ ಸೈನ್ಡ್ ಎಂಬ ಬಾಲವಿರುವ ಇನ್ನೊಂದು ಫೈಲ್ ಬರುತ್ತದೆ. ಅದು ಮೂಲಕ್ಕಿಂತ ಎಷ್ಟೋ ಪಟ್ಟು ದಪ್ಪ. ಜೊತೆಗೆ ಡಿಎಸ್‌ಸೆಟ್ ಎಂಬ ಪುಟ್ಟ ಫೈಲ್. ಅದರಲ್ಲಿರುವ ಸಾಲನ್ನು (ಇದೇ ಡಿಎಸ್ ದಾಖಲೆ, ನಮ್ಮ ಕೀಯ ಗುರುತು) ಹೆಸರು ನೋಂದಾಯಿಸಿದ ರಿಜಿಸ್ಟ್ರಾರ್‌ನ ಪುಟದಲ್ಲಿ ತುಂಬಿದರೆ ಸರಪಳಿ ಕೂಡುತ್ತದೆ. ತುಂಬುವ ಜಾಗವನ್ನೇ ಕೊಡದ ರಿಜಿಸ್ಟ್ರಾರ್‌ಗಳೂ ಇದ್ದಾರೆ. ಅಂಥವರನ್ನು ಬಿಡುವುದೇ ಒಳ್ಳೆಯದು.

ಸರ್ವರ್ ತಾನೇ ಸಹಿ ಹಾಕಿಕೊಳ್ಳುವ ಹೊಸ ವಿಧಾನವೂ ಬೈಂಡ್‌ನಲ್ಲಿದೆ. ದಿನಕ್ಕೆ ಹತ್ತು ಸಲ ಬದಲಾಗುವ ಜೋನ್‌ಗೆ ಅದೇ ಸರಿ. ವರ್ಷಕ್ಕೆ ಎರಡು ಸಲವೂ ಬದಲಾಗದ ಸೊಸೈಟಿ ಜೋನ್‌ಗೆ ನನಗೆ ಕಮಾಂಡ್ ವಿಧಾನವೇ ಇಷ್ಟ. ಗುಟ್ಟಿನ ಕೀ ಇಂಟರ್‌ನೆಟ್‌ಗೆ ತೆರೆದುಕೊಂಡ ಸರ್ವರ್‌ನಲ್ಲಿ ಇರಬೇಕಾಗಿಲ್ಲ. ನೆಟ್ ಇಲ್ಲದ ಹಳೇ ಲ್ಯಾಪ್‌ಟಾಪಿನಲ್ಲಿ ಸಹಿ ಹಾಕಿ, ಸಿದ್ಧ ಫೈಲನ್ನು ಮಾತ್ರ ಸರ್ವರ್‌ಗೆ ಸಾಗಿಸಿದರಾಯಿತು. ಇಂಥ ಹೆಸರು ಇಲ್ಲ ಎಂದು ತೋರಿಸಲು ಸೇರುವ ಎನ್‌ಸೆಕ್ ದಾಖಲೆಗಳಿಂದ ಜೋನ್‌ನಲ್ಲಿರುವ ಹೆಸರುಗಳೆಲ್ಲ ಒಂದೊಂದಾಗಿ ಹೊರಗೆ ಕಾಣುತ್ತವಲ್ಲ ಎಂದು ಕೆಲವರು ಗೊಣಗುತ್ತಾರೆ. ನಮ್ಮ ಜೋನ್‌ನಲ್ಲಿ ಇರುವುದು ವೆಬ್, ಮೇಲ್, ಧಾರಣೆ. ಕಂಡರೆ ಕಾಣಲಿ ಬಿಡಿ.

ಇನ್ನು ವಿಷಯಕ್ಕೆ ಬರುತ್ತೇನೆ. ಆ ಸಹಿಗೆ ವಾಯಿದೆ ಇದೆ. ಹಾಲಿನ ಪ್ಯಾಕೆಟ್ ಮೇಲಿನ ತಾರೀಖಿನ ಹಾಗೆ, ಪ್ರತಿ ಸಹಿಯಲ್ಲೂ ಶುರು ಮತ್ತು ಕೊನೆ ಬರೆದಿರುತ್ತದೆ. ನೀವು ಬೇರೆ ಹೇಳದಿದ್ದರೆ ಸೈನ್‌ಜೋನ್ ಕೊಡುವುದು 30 ದಿನ. ಇದು ಸುಮ್ನೆ ಇಟ್ಟ ನಿಯಮವಲ್ಲ. ಸೊಸೈಟಿ ತನ್ನ ಸರ್ವರ್ ಬದಲಿಸಿತು ಎಂದುಕೊಳ್ಳಿ. ಹಳೇ ವಿಳಾಸ ನಾಳೆ ಇನ್ಯಾರಿಗೋ ಸಿಗುತ್ತದೆ. ಸಹಿಗೆ ಕೊನೆಯೇ ಇಲ್ಲದಿದ್ದರೆ, ಹಳೇ ಉತ್ತರವನ್ನು ಉಳಿಸಿಟ್ಟುಕೊಂಡವನು ಅದನ್ನೇ ವರ್ಷಗಟ್ಟಲೆ ಓಡಿಸಬಹುದು. ವಾಯಿದೆ ಉದ್ದ ಮಾಡುವ ಆಯ್ಕೆ ಇದೆ. ಉದ್ದ ಮಾಡಿದಷ್ಟೂ ಆ ಕಿಂಡಿ ದೊಡ್ಡದಾಗುತ್ತದೆ.

ವಾಯಿದೆ ಮುಗಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಜಿಲ್ಲೆಯ ಒಂದು ಕಾಲೇಜಿನಲ್ಲಿ ನೋಡಿದೆ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಉತ್ಸಾಹದಿಂದ ಸಹಿಯನ್ನೂ ಹಾಕಿ ಕೊಟ್ಟಿದ್ದ. ಒಳ್ಳೇ ಕೆಲಸವೇ. ಬಿಲ್ ಪಾಸಾಯಿತು, ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ಹೊರಟ. ಮತ್ತೆ ಸಹಿ ಹಾಕಬೇಕು ಅಂತ ಕಾಲೇಜಿನವರಿಗೆ ಯಾರೂ ಹೇಳಿರಲಿಲ್ಲ. ತಿಂಗಳು ತುಂಬಿತು, ಪ್ರವೇಶಾತಿಯ ಸಮಯದಲ್ಲೇ ಸೈಟ್ ಮಾಯ. ಮಾಯ ಅಂದರೆ ಎಲ್ಲರಿಗೂ ಅಲ್ಲ. ಸಹಿ ತಾಳೆ ನೋಡುವ ರಿಸಾಲ್ವರ್ ಇದ್ದವರಿಗೆ ಮಾತ್ರ. ಪ್ರಿನ್ಸಿಪಾಲರ ಮೊಬೈಲಿನಲ್ಲಿ ಚೆನ್ನಾಗಿ ಬರುತ್ತಿತ್ತು. ಅವರ ಪಕ್ಕದಲ್ಲೇ ಕೂತ ಗುಮಾಸ್ತರ ಮೊಬೈಲಿನಲ್ಲಿ ಇಲ್ಲ. "ನಿಮ್ಮ ಸಿಮ್ಮೇ ಸರಿ ಇಲ್ಲ" ಅಂತ ಇವರು, "ಸರ್, ಬೇರೆಲ್ಲ ಸೈಟ್ ಬರ್ತಾ ಇದೆಯಲ್ಲ" ಅಂತ ಅವರು.

ನನ್ನನ್ನು ಕರೆದಾಗ, ಡಿಎನ್‌ಎಸ್ ಅನ್ನು ನೇರವಾಗಿ ಪ್ರಶ್ನೆ ಕೇಳುವ ಡಿಗ್ ಕಮಾಂಡ್ ಕೊಟ್ಟು ನೋಡಿದೆ. ಉತ್ತರ: ಸರ್ವ್‌ಫೇಲ್, ಅಂದರೆ ಉತ್ತರ ಕೊಡಲಾಗಲಿಲ್ಲ. ತಾಳೆ ನೋಡಬೇಡ ಅಂತ ಸಿಡಿ ಆಯ್ಕೆ ಸೇರಿಸಿ ಮತ್ತೆ ಕೇಳಿದೆ, ವಿಳಾಸ ತಟ್ಟನೆ ಬಂತು. ರೋಗ ಅಲ್ಲಿಗೇ ಗೊತ್ತಾಯಿತು. ಮದ್ದು ಕೊಡುವುದೇ ಕಷ್ಟವಾದದ್ದು. ಗುಟ್ಟಿನ ಕೀ ಆ ಹುಡುಗನ ಹಳೇ ಲ್ಯಾಪ್‌ಟಾಪಿನಲ್ಲಿತ್ತು, ಅದನ್ನು ಅವನು ಫಾರ್ಮ್ಯಾಟ್ ಮಾಡಿಯಾಗಿತ್ತು. ಕೀ ಇಲ್ಲದಿದ್ದರೆ ಮೇಲಿನ ಹಂತದಲ್ಲಿರುವ ಡಿಎಸ್ ದಾಖಲೆಯನ್ನು ಬದಲಿಸಬೇಕು ಅಥವಾ ತೆಗೆಸಬೇಕು. ತೆಗೆಸಲು ರಿಜಿಸ್ಟ್ರಾರ್ ಖಾತೆಗೆ ಲಾಗಿನ್ ಆಗಬೇಕು. ಲಾಗಿನ್ ಓಟಿಪಿ ಹೋಗುತ್ತಿದ್ದುದು ನಿವೃತ್ತರಾದ ಹಿಂದಿನ ಪ್ರಿನ್ಸಿಪಾಲರ ಫೋನಿಗೆ, ಅವರು ಮಗಳ ಮನೆಗೆ ಹೋಗಿದ್ದರು. ಕೊನೆಗೆ ಡಿಎಸ್ ತೆಗೆದ ಮೇಲೂ ರಿಸಾಲ್ವರ್‌ಗಳ ನೆನಪಿನಿಂದ ಅದು ಅಳಿಯುವವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಊರೆಲ್ಲ ಕಾಲೇಜ್ ಸೈಟ್ ಹ್ಯಾಕ್ ಆಗಿದೆ ಎಂಬ ಸುದ್ದಿ.

ದೊಡ್ಡವರೂ ಎಡವಿದ್ದಾರೆ. 2012ರ ಜನವರಿಯಲ್ಲಿ ನಾಸಾದ ಜೋನ್‌ನ ಸಹಿಯಲ್ಲಿ ತಪ್ಪಾಗಿ, ಸಹಿ ತಾಳೆ ನೋಡುತ್ತಿದ್ದ ಅಮೆರಿಕದ ಇಂಟರ್‌ನೆಟ್ ಕಂಪನಿ ಕಾಮ್‌ಕಾಸ್ಟ್‌ನ ಗ್ರಾಹಕರಿಗೆ ನಾಸಾ ಸೈಟ್ ಸಿಗಲಿಲ್ಲ. ಬೈಗುಳ ತಿಂದದ್ದು ಕಾಮ್‌ಕಾಸ್ಟ್, ಬೇಕಂತಲೇ ತಡೆದಿದ್ದೀರಿ ಅಂತ. 2024ರ ಜನವರಿ 30ರ ಸಂಜೆ ರಷ್ಯಾದ ಡಾಟ್ ಆರ್‌ಯು ಜೋನ್‌ನ ಸಹಿಯೇ ಕೆಟ್ಟು, ಅದರ ಅಡಿಯ ಸೈಟ್‌ಗಳು ಕೆಲವು ಗಂಟೆ ಎಷ್ಟೋ ಜನರಿಗೆ ತೆರೆಯಲಿಲ್ಲ.

ತಾರೀಖಿನ ಬಗ್ಗೆ ಎಷ್ಟು ಎಚ್ಚರ ಬೇಕು ಎಂಬುದನ್ನು ರೂಟ್ ಜೋನ್ ಕಾಯುವವರಿಂದ ಕಲಿಯಬೇಕು. ಅಮೆರಿಕದ ಕಲ್ಪೆಪರ್ ಮತ್ತು ಎಲ್ ಸೆಗುಂಡೋ ಎಂಬ ಎರಡು ಕಡೆ ಆ ಕೀ ಇದೆ. ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬೇರೆ ಬೇರೆ ದೇಶದ ಸಾಕ್ಷಿಗಳ ಎದುರು ತಿಜೋರಿ ತೆಗೆದು ಮುಂದಿನ ಸಹಿಗಳನ್ನು ಹಾಕುತ್ತಾರೆ. ನಡೆಯುವುದನ್ನೆಲ್ಲ ಯಾರು ಬೇಕಾದರೂ ನೇರ ಪ್ರಸಾರದಲ್ಲಿ ನೋಡಬಹುದು. 2020ರ ಫೆಬ್ರವರಿಯಲ್ಲಿ ಎಲ್ ಸೆಗುಂಡೋದ ತಿಜೋರಿಯ ಬೀಗ ಕೈಕೊಟ್ಟಿತು. ಕೊರೆದು ತೆಗೆಯಬೇಕಾಯಿತು, ಸಮಾರಂಭ ಕೆಲವು ದಿನ ಮುಂದೆ ಹೋಯಿತು. ಆದರೂ ಜಗತ್ತಿನ ಇಂಟರ್‌ನೆಟ್‌ಗೆ ಏನೂ ಆಗಲಿಲ್ಲ, ಯಾಕೆಂದರೆ ಕೈಯಲ್ಲಿ ಇನ್ನೂ ಸಮಯ ಇಟ್ಟುಕೊಂಡಿದ್ದರು. ಅಷ್ಟರಲ್ಲಿ ಕೊರೊನಾ ಬಂತು. ಮುಂದೆ ಸೇರಲು ಆಗುತ್ತದೋ ಇಲ್ಲವೋ ಎಂದು ಏಪ್ರಿಲ್‌ನಲ್ಲಿ ಒಟ್ಟಿಗೆ ಒಂಬತ್ತು ತಿಂಗಳಿಗಾಗುವಷ್ಟು ಸಹಿ ಹಾಕಿಟ್ಟರು. ನಮ್ಮ ಸೊಸೈಟಿಗೆ ತಿಜೋರಿ ಸಮಾರಂಭ ಬೇಡ. ಮುಂದಿನ ಸಹಿಯ ದಿನವನ್ನು ಒಬ್ಬರು ನೆನಪಿಟ್ಟುಕೊಂಡರೆ ಸಾಕು.

ಇದರಿಂದ ಎಲ್ಲ ಮೋಸ ನಿಲ್ಲುತ್ತದೆ ಎಂದು ನಾನು ಹೇಳುತ್ತಿಲ್ಲ. ವಾಟ್ಸಾಪಿನಲ್ಲಿ ಬಂದ ಲಿಂಕ್ ಒತ್ತುವವರನ್ನು ಡಿಎನ್‌ಎಸ್‌ಸೆಕ್ ತಡೆಯಲ್ಲ. ಒಂದಕ್ಷರ ಬದಲಿಸಿ ಮಾಡಿದ ನಕಲಿ ಹೆಸರಿಗೂ ಅದರ ಯಜಮಾನ ಸಹಿ ಹಾಕಿಕೊಳ್ಳಬಹುದು. ರಿಜಿಸ್ಟ್ರಾರ್ ಖಾತೆಯ ಪಾಸ್‌ವರ್ಡ್ ಕಳುವಾದರಂತೂ ಸಹಿಯ ಮಾತೇ ಇಲ್ಲ. ನಾನು ಈ ಪತ್ರ ಬರೆಯುವಾಗ ಗೂಗಲ್ ಡಾಟ್ ಕಾಮ್ ಹೆಸರಿಗೇ ಸಹಿ ಇಲ್ಲ. ಅದೇ ಗೂಗಲ್‌ನ ನಾಲ್ಕು ಎಂಟರ (8.8.8.8) ರಿಸಾಲ್ವರ್ ಮಾತ್ರ ಮಿಕ್ಕವರ ಸಹಿಯನ್ನೆಲ್ಲ ತಾಳೆ ನೋಡುತ್ತದೆ! ಅವರಿಗೆ ಜಾಲ ಕಾಯಲು ಹಗಲು ರಾತ್ರಿ ಎಂಜಿನಿಯರ್‌ಗಳಿದ್ದಾರೆ. ನಮ್ಮ ಸೊಸೈಟಿಗೆ ಇರುವುದು ನಾನೊಬ್ಬಳು, ಅದೂ ವಾರಕ್ಕೊಮ್ಮೆ.

ಬ್ಯಾಂಕ್‌ಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ಡಾಟ್ ಬ್ಯಾಂಕ್ ಡಾಟ್ ಇನ್ ಹೆಸರಿಗೆ ಹೋಗಬೇಕು ಎಂದು ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿತ್ತು. ಒಳ್ಳೇದಾಯಿತು. ಆದರೆ ಹಳ್ಳಿಯ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು ಆ ಲೆಕ್ಕಕ್ಕೆ ಬರಲ್ಲ. ಠೇವಣಿ, ಸಾಲ, ಧಾರಣೆ ಎಲ್ಲ ಅಲ್ಲೂ ಇದೆ, ಅಲ್ವಾ? ಅವುಗಳ ಹೆಸರನ್ನು ಕಾಯುವುದು ಅವುಗಳ ಆಡಳಿತ ಮಂಡಳಿಯದ್ದೇ ಹೊಣೆ.

ಹಾಗಾಗಿ ಕಾರ್ಯದರ್ಶಿಗಳಲ್ಲಿ, ಪ್ರಿನ್ಸಿಪಾಲರಲ್ಲಿ ನಾನು ಕೇಳುವುದು ಇಷ್ಟು. ವೆಬ್‌ಸೈಟಿನ ಎಎಂಸಿ ಬರೆಯುವಾಗ 'ಡಿಎನ್‌ಎಸ್‌ಸೆಕ್ ಅಳವಡಿಸತಕ್ಕದ್ದು' ಎಂದು ಬರೆದು ಕೈ ತೊಳೆದುಕೊಳ್ಳಬೇಡಿ. ಅದೊಂದೇ ಸಾಲು ಇದ್ದರೆ ಆ ಕಾಲೇಜಿನ ಕಥೆಯೇ ನಿಮ್ಮದೂ ಆಗುತ್ತದೆ, ಅದಕ್ಕಿಂತ ಸಹಿ ಇಲ್ಲದಿರುವುದೇ ವಾಸಿ. ಸಹಿ ಮುಗಿಯಲು ಹತ್ತು ದಿನ ಇರುವಾಗಲೇ ಹೊಸ ಸಹಿ ಬೀಳಬೇಕು, ಅದನ್ನು ಇಂಥವರೇ ಮಾಡಬೇಕು, ಅವರು ರಜೆಯಲ್ಲಿದ್ದರೆ ಇಂಥವರು ಎಂದು ಬರೆಯಿರಿ. ಗುಟ್ಟಿನ ಕೀಯ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಮೊಹರು ಮಾಡಿ ಸೊಸೈಟಿಯ ತಿಜೋರಿಯಲ್ಲೇ ಇರಲಿ. ಕೀ ಸಂಸ್ಥೆಯದ್ದು, ಗುತ್ತಿಗೆದಾರನದ್ದಲ್ಲ. ರಿಜಿಸ್ಟ್ರಾರ್ ಖಾತೆಯ ಓಟಿಪಿ ಕಚೇರಿಯ ನಂಬರಿಗೇ ಬರಲಿ. ಕೆಲಸ ಆಗಿದೆಯಾ ಅಂತ ಪರೀಕ್ಷಿಸಲು ತಜ್ಞರೇ ಬೇಕಾಗಿಲ್ಲ. ಡಿಗ್ ಕಮಾಂಡಿಗೆ ಡಿಎನ್‌ಎಸ್‌ಸೆಕ್ ಎಂಬ ಆಯ್ಕೆ ಸೇರಿಸಿದರೆ ಸಹಿಯ ಸಾಲಿನಲ್ಲಿ ಕೊನೆಯ ತಾರೀಖು ನೇರವಾಗಿ ಕಾಣುತ್ತದೆ, ಮೊದಲು ವರ್ಷ, ಆಮೇಲೆ ತಿಂಗಳು, ದಿನ. 20260915 ಎಂದು ಶುರುವಾದರೆ 2026ರ ಸೆಪ್ಟೆಂಬರ್ 15. ಧಾರಣೆ ಬರೆಯುವ ಗುಮಾಸ್ತರೇ ಸೋಮವಾರಕ್ಕೊಮ್ಮೆ ನೋಡಿ ರಿಜಿಸ್ಟರಿನಲ್ಲಿ ಬರೆದಿಡಬಹುದು. ನಮ್ಮ ಒಂದು ಸೊಸೈಟಿಯಲ್ಲಿ ಹಾಗೇ ಮಾಡುತ್ತಿದ್ದಾರೆ.

ಪತ್ರ ಮುಗಿಸುವ ಮೊದಲು ನಿಮ್ಮ ಪತ್ರಿಕೆಯ ಹೆಸರನ್ನೂ ಡಿಗ್ ಮಾಡಿ ನೋಡಿದೆ. ಸಹಿಯೂ ಇಲ್ಲ, ಮೇಲೆ ಡಿಎಸ್ ದಾಖಲೆಯೂ ಇಲ್ಲ. ದಯವಿಟ್ಟು ಇದನ್ನು ಅಚ್ಚಿಗೆ ಕಳಿಸುವ ಮೊದಲು ನಿಮ್ಮ ಐಟಿ ವಿಭಾಗದವರಿಗೂ ಒಂದು ಪ್ರತಿ ಕೊಡಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು
ಶಿರಸಿ, ಉತ್ತರ ಕನ್ನಡ