ಸುದ್ದಿ ಇತ್ತು, ಜೋಡಿಸುವ ಬುದ್ಧಿ ಎಲ್ಲಿತ್ತು?

ಮಾನ್ಯ ಸಂಪಾದಕರೇ,

ಎಲ್ಲಾದರೂ ದಾಳಿ ನಡೆದರೆ ಸಾಕು, ಅವತ್ತೇ ಸಂಜೆ ಟಿವಿಯಲ್ಲಿ ‘ಗುಪ್ತಚರ ವೈಫಲ್ಯ’ ಅಂತ ಕೂಗಾಟ ಶುರು. ಆದರೆ ಎಷ್ಟೋ ಸಲ ಸುದ್ದಿ ಬಂದೇ ಇರುತ್ತದೆ, ಅದನ್ನು ಕೂತು ಯೋಚಿಸಿ ಜೋಡಿಸುವವರು ಇರುವುದಿಲ್ಲ.

1999ರ ಕಾರ್ಗಿಲ್ ನೋಡಿ. ಮೇ ತಿಂಗಳ ಆರಂಭದಲ್ಲಿ ಬಟಾಲಿಕ್ ಕಡೆ, ಕಳೆದುಹೋದ ತನ್ನ ಯಾಕ್ ಹುಡುಕುತ್ತಾ ಬೆಟ್ಟ ಹತ್ತಿದ ಕುರಿಗಾಹಿಯೊಬ್ಬ, ದುರ್ಬೀನಿನಲ್ಲಿ ಯಾರೋ ಕಲ್ಲು ಒಡೆದು ಹಿಮ ಸರಿಸುವುದನ್ನು ಕಂಡ. ಇವರು ನಮ್ಮ ಕಡೆಯವರಲ್ಲ ಅನ್ನಿಸಿತು, ಹೋಗಿ ಸೇನೆಗೆ ಹೇಳಿದ. ಅಷ್ಟೇ. ಆಮೇಲೆ ಕಾರ್ಗಿಲ್‌ನಲ್ಲಿ ಎಡವಿದ್ದೆಲ್ಲಿ ಅಂತ ನೋಡಲು ಸರ್ಕಾರ ನೇಮಿಸಿದ ಕೆ. ಸುಬ್ರಹ್ಮಣ್ಯಂ ಸಮಿತಿ ಕೆದಕಿದಾಗ, ಬೇರೆ ಬೇರೆ ಸಂಸ್ಥೆಗಳ ನಡುವೆ ಮಾಹಿತಿ ಸರಿಯಾಗಿ ಹಂಚಿಕೆಯೇ ಆಗುತ್ತಿರಲಿಲ್ಲ ಅನ್ನುವುದು ಗೊತ್ತಾಯಿತು. ಅದಕ್ಕೇ 2002ರಲ್ಲಿ ಮೂರೂ ಪಡೆಗಳಿಗೆ ಸೇರಿ ರಕ್ಷಣಾ ಗುಪ್ತಚರ ಸಂಸ್ಥೆ ಬಂತು. ಆದರೂ 2008ರಲ್ಲಿ ಸಮುದ್ರದ ಕಡೆಯಿಂದ ಮುಂಬೈ ಮೇಲೆ ದಾಳಿಯಾಗಬಹುದು ಅಂತ ಮೊದಲೇ ಎಚ್ಚರಿಕೆ ಬಂದಿತ್ತು, ಆಗಿದ್ದೇನು ಅಂತ ಎಲ್ಲರಿಗೂ ಗೊತ್ತು.

ಆ ಕುರಿಗಾಹಿಯ ಹಾಗೆ ಕಂಡದ್ದನ್ನು ಜೋಡಿಸಿ ಯೋಚಿಸುವುದೇ ಬುದ್ಧಿ. ನಾವೋ, ಅಂಕ ಜಾಸ್ತಿ ಬಂದರೆ ಬುದ್ಧಿವಂತ ಅಂತೀವಿ. 1905ರಲ್ಲಿ ಪ್ಯಾರಿಸ್‌ನಲ್ಲಿ ಮನಶ್ಶಾಸ್ತ್ರಜ್ಞ ಆಲ್ಫ್ರೆಡ್ ಬಿನೆ ಮಾಡಿದ ಬುದ್ಧಿ ಪರೀಕ್ಷೆ ಹುಟ್ಟಿದ್ದೇ ಓದಿನಲ್ಲಿ ಸಹಾಯ ಬೇಕಾದ ಮಕ್ಕಳನ್ನು ಗುರುತಿಸಲಿಕ್ಕೆ, ಜಾಣರನ್ನು ಸಾಲಾಗಿ ನಿಲ್ಲಿಸಲಿಕ್ಕಲ್ಲ. (ಆ ಕುರಿಗಾಹಿಯನ್ನು ನಮ್ಮ ಕೋಚಿಂಗ್ ಕ್ಲಾಸಿನಲ್ಲಿ ಯಾವ ಬೆಂಚಿಗೆ ಕೂರಿಸುತ್ತಿದ್ದರೋ!)

ಸಾಮಾನ್ಯ ಜನ ಠಾಣೆಗೆ ಹೋಗಿ ಏನಾದರೂ ಅನುಮಾನ ಹೇಳಿದರೆ ಮೊದಲು ಅವರನ್ನೇ ಗದರಿಸುವುದು ನಿಲ್ಲಲಿ. ಹೇಳಿದ್ದನ್ನು ಬರೆದುಕೊಳ್ಳಲಿ, ಮೇಲಿನವರಿಗೂ ಕಳಿಸಲಿ, ಅದೇನು ದೊಡ್ಡ ಖರ್ಚಿನ ಕೆಲಸವಲ್ಲ ಅಲ್ವಾ?

– ಒಬ್ಬ ಓದುಗ, ಹಾಸನ